ವಿರೂಪಾಕ್ಷಿಯ ರಸೀದಿ ತಂತಿ

ಸಿರುಗುಪ್ಪದ ನಮ್ಮ ಓಣಿಯಲ್ಲಿ ಪಂಪಾವತಿಯ ಮನೆಗೆ ಹೋಗಲು ಸ್ವಸಹಾಯ ಸಂಘದ ಹೆಂಗಸರು ಹಿಂದೆಮುಂದೆ ನೋಡುತ್ತಿದ್ದರು. ನಾನು ಪಕ್ಕದ ಮನೆಯವಳು, ಗಟ್ಟಿಗಿತ್ತಿ ಎಂದು ಹೆಸರು ಬೇರೆ. ಸುಳ್ಳೇಕೆ, ನಾನೂ ಹೆದರಿದ್ದೆ.

ಆಕೆಯ ಗಂಡ ವಿರೂಪಾಕ್ಷಿ ಅಕ್ಕಿ ಮಿಲ್ಲಿನ ಗುಮಾಸ್ತನಾಗಿದ್ದ. ಯಾವ ರಸೀದಿ ಬಂದರೂ ಅದರ ಹಿಂದೆ ಏನೋ ಗೀಚಿ, ಜಂತಿಗೆ ತೂಗುಹಾಕಿದ ತಂತಿಗೆ ಚುಚ್ಚುತ್ತಿದ್ದ. ಆತ ತೀರಿಕೊಂಡು ಎಂಟು ತಿಂಗಳಾಗಿತ್ತು. ವರ್ಷದ ಪೂಜೆ ಮುಗಿಯುವ ತನಕ ಸತ್ತವನ ಕಾಗದ ಮುಟ್ಟಕೂಡದು ಎಂದು ಅವನ ತಾಯಿ ಎರ್ರಮ್ಮ ಕಟ್ಟಪ್ಪಣೆ ಮಾಡಿದ್ದಳು. ಮೊಬೈಲನ್ನು ಮಾತ್ರ ಚಾರ್ಜ್ ಮಾಡಿಸಿ ಮಗನ ಫೋಟೋ ಮುಂದೆ ಇಡಿಸುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋಗಿದ್ದಾಗಲೇ ಆ ಮೊಬೈಲ್ ತಾನಾಗಿ ಬೆಳಗಿತು. ಸಂದೇಶ ಸತ್ತವನ ಹೆಸರಿಗೇ ಬಂದಿತ್ತು. ನಿಮಗೆ ಬರಬೇಕಾದ ತೆರಿಗೆ ರಿಫಂಡನ್ನು ಹಳೆಯ ಬಾಕಿಗೆ ಹೊಂದಿಸಿಕೊಳ್ಳುತ್ತೇವೆ, ಉತ್ತರ ಕೊಡಿ ಎಂದಿತ್ತು. ಕರೆಂಟಿರಲಿಲ್ಲ, ಗಾಳಿಯೂ ಇರಲಿಲ್ಲ. ಆದರೂ ತಂತಿಯ ಚೀಟಿಗಳು ಸರಸರ ಅಂದವು. ನಾನೇ ಕಿವಿಯಾರೆ ಕೇಳಿದ್ದೇನೆ.

“ಬಾಕಿ ಇಟ್ಟು ಹೋಗ್ಯಾನ,” ಎಂದಳು ಎರ್ರಮ್ಮ. “ಅದಕ್ಕ ಮನಿ ಬಿಟ್ಟು ಹೋಗಾಕ ಆಗವಲ್ದು ಅವಂಗ.”

ಅಂದಿನಿಂದ ಮುದುಕಿಗೆ ಅನ್ನ ಸೇರಲಿಲ್ಲ. ಪಂಪಾವತಿ ಮೊಬೈಲಿನ ಮೇಲೆ ಬಟ್ಟೆ ಮುಚ್ಚಿದಳು. ಎರಡೂವರೆ ವಾರ ಕಳೆದ ಮೇಲೆ ಬಟ್ಟೆಯೊಳಗೆ ಮತ್ತೆ ಬೆಳಕು ಹತ್ತಿತು. ಮತ್ತದೇ ಮಾತು, ಉತ್ತರ ಕೊಡಿ.

ನನಗೆ ತಡೆಯಲಾಗಲಿಲ್ಲ. ಬಳ್ಳಾರಿಯ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ಗಂಗೋತ್ರಿಗೆ ಫೋನ್ ಮಾಡಿದೆ. ಆಕೆ ಪಂಪಾವತಿಯ ತಂಗಿಯ ಮಗಳು. ವಾರಸುದಾರಳಾದ ದೊಡ್ಡಮ್ಮನ ಪರವಾಗಿ ವಿರೂಪಾಕ್ಷಿಯ ಕೊನೆಯ ರಿಟರ್ನ್ ಸಲ್ಲಿಸಿಕೊಟ್ಟವಳೂ ಆಕೆಯೇ. ಮರುದಿನವೇ ಬಸ್ಸು ಹತ್ತಿ ಬಂದಳು.

ಸಂದೇಶದಲ್ಲಿದ್ದ ಲಿಂಕನ್ನು ಅವಳು ಒತ್ತಲಿಲ್ಲ, ಮೋಸದ್ದೂ ಇರಬಹುದು ಎಂದಳು. ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟನ್ನೇ ತೆರೆದು ನೋಡಿದಳು. ನೋಟಿಸು ನಿಜವಾಗಿತ್ತು. ಮೂರು ವರ್ಷದ ಹಿಂದಿನ ತೆರಿಗೆ ಬಾಕಿ ಎಂದು ತೋರಿಸುತ್ತಿತ್ತು.

“ಉತ್ತರಕ್ಕ ಇಪ್ಪತ್ತೊಂದು ದಿನ ಕೊಟ್ಟಾರ ದೊಡ್ಡಮ್ಮ. ಇವತ್ತಿಗೆ ಹತ್ತೊಂಬತ್ತು ಆತು. ಸುಮ್ನ ಕುಂತ್ರ ಒಪ್ಪಿದಂಗ ಲೆಕ್ಕ. ದೊಡ್ಡಪ್ಪ ಕಟ್ಟಿದ್ದ ರಸೀದಿ ಏನಾರ ಐತೇನು?”

ಎಲ್ಲರೂ ತಲೆಯೆತ್ತಿ ತಂತಿಯನ್ನು ನೋಡಿದೆವು. ಮುಟ್ಟಬೇಡ ಎಂದು ಎರ್ರಮ್ಮ ಸೊಸೆಯ ಸೆರಗು ಹಿಡಿದಳು.

“ಸತ್ತ ಮ್ಯಾಲೂ ಅವ್ರು ಬಾಕಿದಾರ ಅನ್ನಿಸ್ಕೋಬೇಕೇನ್ರಿ ಅತ್ತಿ?” ಎಂದು ಪಂಪಾವತಿ ಸೆರಗು ಬಿಡಿಸಿಕೊಂಡು ಸ್ಟೂಲು ಹತ್ತಿದಳು. ತಂತಿಯನ್ನು ಕೆಳಗಿಳಿಸಿದಳು.

ಚೀಟಿಗಳ ರಾಶಿಯ ನಡುವೆ ಆ ವರ್ಷ ತೆರಿಗೆ ಕಟ್ಟಿದ ರಸೀದಿ, ಅಂದರೆ ಚಲನ್, ಸಿಕ್ಕಿತು. ವಿರೂಪಾಕ್ಷಿ ತೆರಿಗೆಯನ್ನು ಪೂರ್ತಿ ಕಟ್ಟಿದ್ದ. ಆದರೆ ಕಟ್ಟುವಾಗ ವರ್ಷವನ್ನು ತಪ್ಪಾಗಿ ಆರಿಸಿದ್ದ, ಹಣ ಬೇರೆ ವರ್ಷದ ಲೆಕ್ಕಕ್ಕೆ ಹೋಗಿ ಕೂತಿತ್ತು. ಗಂಗೋತ್ರಿ ‘ಬಾಕಿ ಒಪ್ಪುವುದಿಲ್ಲ’ ಎಂದು ಉತ್ತರ ಬರೆದು ಚಲನ್ ವಿವರ ಸೇರಿಸಿದಳು. ವರ್ಷ ತಿದ್ದಿಕೊಡಲು ತೆರಿಗೆ ಕಚೇರಿಗೆ ಅರ್ಜಿಯನ್ನೂ ಬರೆದಳು. ಬಾಕಿ ನಿಜವೇ ಆಗಿದ್ದರೆ ಒಪ್ಪಿಕೊಳ್ಳಬೇಕು, ಅದನ್ನು ಕಳೆದು ಉಳಿದದ್ದು ಬರುತ್ತದೆ ಎಂದೂ ತಿಳಿಸಿದಳು.

ಎರ್ರಮ್ಮನಿಗೆ ಓದು ಬಾರದು. ಚೀಟಿ ತಿರುಗಿಸಿ ಗಂಗೋತ್ರಿಯ ಮುಂದೆ ಹಿಡಿದು, ಹಿಂದೆ ಏನು ಬರೆದಿದ್ದಾನೆ ಎಂದು ಕೇಳಿದಳು.

“‘ಮುಗೀತು’ ಅಂತ ಬರದಾನ ಅಜ್ಜಿ.”

ಮುದುಕಿ ಚೀಟಿಯನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ತಾನಾಗಿಯೇ ಅನ್ನ ಕೇಳಿದಳು.

ಎರಡು ತಿಂಗಳಿಗೆ ಬಾಕಿ ರದ್ದಾಗಿ ರಿಫಂಡ್ ಬಂತು. ಅದರ ಆದೇಶದ ಕಾಗದವನ್ನೂ ಎರ್ರಮ್ಮ ತಂತಿಗೆ ಚುಚ್ಚಿಸಿದಳು, ಮಗನ ಮೊಬೈಲನ್ನು ಬಂದ್ ಮಾಡಿಸಿದಳು. ತಂತಿ ಈಗಲೂ ಒಮ್ಮೊಮ್ಮೆ ಗಾಳಿಯಿಲ್ಲದೆ ಸರಸರ ಅನ್ನುತ್ತದೆ. ಆ ಮನೆಯಲ್ಲಿ ಯಾರೂ ಹೆದರುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇಂಥ ನೋಟಿಸು ನಿಮಗೂ ಬಂದೀತು, ತೀರಿಕೊಂಡವರ ಹೆಸರಿಗೂ ಬಂದೀತು. ಬಟ್ಟೆ ಮುಚ್ಚಿ ಇಡಬೇಡಿ. ಇಲಾಖೆಯ ವೆಬ್‌ಸೈಟಿನಲ್ಲೇ ನೋಡಿ, ಓಟಿಪಿ ಯಾರಿಗೂ ಹೇಳಬೇಡಿ, ಗಡುವಿನೊಳಗೆ ಉತ್ತರ ಕೊಡಿ. ಇವತ್ತೇ ನಿಮ್ಮ ಮನೆಯ ತಂತಿಯನ್ನೂ ಇಳಿಸಿ ನೋಡಿ. ಹೋದವರು ಉತ್ತರ ಬರೆದಿಟ್ಟೇ ಹೋಗಿರಬಹುದು.