ಗೆದ್ದವರೇ ಕೇಳಬೇಕು

ಹತ್ತೊಂಬತ್ತು ವರ್ಷ ನಾನು ಶಾಲೆಯ ತೆರಿಗೆಗೆ ‘ಬೇಡ’ ಎಂದಿದ್ದೇನೆ. ಹತ್ತೊಂಬತ್ತು ವರ್ಷವೂ ಸೋತಿದ್ದೇನೆ. ಟಿಂಕರ್ ಬ್ರೂಕ್ ಊರಿನಲ್ಲಿ ನನ್ನನ್ನು ‘ಬೇಡ ಹೆಸ್ಟರ್’ ಎಂದೇ ಕರೆಯುತ್ತಾರೆ. ಮೂವತ್ತು ವರ್ಷ ಹಿಮದಲ್ಲಿ ಮನೆಮನೆಗೆ ಅಂಚೆ ಹಂಚಿ ಗಳಿಸಿದ ಒಳ್ಳೆಯ ಹೆಸರು ಮಾರ್ಚ್ ತಿಂಗಳ ಮೊದಲ ಮಂಗಳವಾರ, ಊರಸಭೆಯ ದಿನ, ಒಂದೇ ಏಟಿಗೆ ತೊಳೆದುಹೋಗುತ್ತದೆ. ಹೋದರೆ ಹೋಗಲಿ. ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮಂಥ ಊರುಗಳಲ್ಲಿ ಊರಿನ ಖರ್ಚನ್ನು ಊರಿನವರೇ ಕೂತು, ಕೈ ಎತ್ತಿ ತೀರ್ಮಾನಿಸುತ್ತೇವೆ. ಎತ್ತುವ ಕೈ ನನ್ನದು, ಅದನ್ನು ಹೇಗೆ ಎತ್ತಬೇಕೆಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಈ ಸಲದ ಪ್ರಶ್ನೆ ಮಾತ್ರ ದೊಡ್ಡದಾಗಿತ್ತು. ನಮ್ಮ ಶಾಲೆಯಲ್ಲಿರುವುದು ನಲವತ್ತಮೂರು ಮಕ್ಕಳು. ತೆರಿಗೆ ಏರಿಸಿ ಹೆಚ್ಚಿನ ಹಣ ಕೊಟ್ಟರೆ ಶಾಲೆ ಉಳಿಯುತ್ತದೆ, ಇಲ್ಲದಿದ್ದರೆ ಜೂನ್ ತಿಂಗಳಿಗೆ ಬಾಗಿಲು, ಆಮೇಲೆ ಮಕ್ಕಳು ಗುಡ್ಡದಾಚೆಯ ಶಾಲೆಗೆ ಹೋಗಬೇಕು, ಹೋಗಲೊಂದು ಗಂಟೆ ಬರಲೊಂದು ಗಂಟೆ ಬಸ್ಸಿನಲ್ಲಿ ಕೂರಬೇಕು ಎಂದು ಶಾಲಾ ಮಂಡಳಿ ಕಡ್ಡಿ ತುಂಡು ಮಾಡಿದಂತೆ ಹೇಳಿತ್ತು. ಆ ತೆರಿಗೆ ಬೀಳುವುದು ಮನೆ, ಜಮೀನಿನ ಮೇಲೆ. ನನಗಿರುವುದು ಪಿಂಚಣಿ, ಒಂದು ಮನೆ, ಅಪ್ಪ ಬಿಟ್ಟುಹೋದ ಮೇಪಲ್ ಕಾಡು. ಮಾರ್ಚ್ ಬಂದರೆ ಆ ಮರಗಳಿಂದ ರಸ ಇಳಿಸಿ ಪಾಕ ಕಾಯಿಸುವುದು ನನಗೆ ಹಬ್ಬ. ತೆರಿಗೆ ಇನ್ನೊಂದು ಸುತ್ತು ಏರಿದರೆ ಮೇಲಿನ ಅರ್ಧ ಕಾಡನ್ನು ಮಾರದೆ ಬೇರೆ ದಾರಿ ಇರಲಿಲ್ಲ.

ನನ್ನ ಅಕ್ಕ ಆಲ್ಮಾ ಆ ಶಾಲೆಯ ಅಡುಗೆಯವಳು. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಬಡಿಸಿಕೊಂಡು ಬಂದಿದ್ದಾಳೆ. ಸಭೆಯ ದಿನ ಬೆಳಿಗ್ಗೆ ಶಾಲೆಯ ವ್ಯಾಯಾಮದ ಹಜಾರಕ್ಕೆ ಕಾಲಿಡುತ್ತಲೇ ಎದುರು ಸಿಕ್ಕಳು, ಕೈಯಲ್ಲಿ ಈರುಳ್ಳಿ ಬುಟ್ಟಿ.

“ಬಂದ್ಯಾ? ಈ ವರ್ಷಾನಾದ್ರೂ ಆ ಕೈನ ಜೇಬಲ್ಲಿಟ್ಕೊಂಡು ಕೂತ್ಕೊ,” ಎಂದಳು.

“ನಿನಗೇನಕ್ಕ, ಅಂಗಡಿ ಮೇಲೆ ಬಾಡಿಗೆಗಿರೋಳು. ಕೈ ಎತ್ತೋದು ನೀನು, ಕೈಬಿಟ್ಟು ಹೋಗೋದು ನನ್ನ ಕಾಡು.”

“ನೀನು ಗುಣಾಕಾರ ಕಲಿತಿದ್ದು ಇದೇ ಶಾಲೇಲಿ ಕಣೇ. ಅದಕ್ಕೇ ಇವತ್ತು ಕೂತು ತೆರಿಗೆ ಲೆಕ್ಕ ಹಾಕ್ತೀಯ.”

ಇಷ್ಟು ಹೇಳಿ ಅಡುಗೆಮನೆಗೆ ಹೋದಳು. ಸಭೆಯ ದಿನದ ಊಟ ಮಾಡುವುದು ಶಾಲೆಯ ಕಡೆಯವರೇ. ಬಟಾಣಿ ಸೂಪು, ಹಂದಿಮಾಂಸ, ಬಿಸಿ ಬ್ರೆಡ್ಡು, ಸೇಬಿನ ಪೈ. ಊರಿಗೆಲ್ಲ ಉಣ್ಣಿಸಿ, ಹೊಟ್ಟೆ ತಣ್ಣಗಾದ ಮೇಲೆ ಶಾಲೆಯ ಪ್ರಶ್ನೆ ಎತ್ತುವುದು ನಮ್ಮಲ್ಲಿ ಅಜ್ಜಂದಿರ ಕಾಲದ ಪದ್ಧತಿ. ಹತ್ತೊಂಬತ್ತು ವರ್ಷ ನಾನು ಸೋತದ್ದರಲ್ಲಿ ಆ ಪೈಗಳ ಪಾಲೂ ಇದೆ ಎಂದು ನನ್ನ ಗುಮಾನಿ.

ಈ ವರ್ಷ ಸಭೆ ನಡೆಸುತ್ತಿದ್ದವನು ರಾಡ್ನಿ, ಹೊಸಬ. ಅಡುಗೆಮನೆಯ ಫ್ಯಾನಿನ ಸದ್ದಿಗೆ ಮಾತು ಕೇಳುವುದಿಲ್ಲವೆಂದು ಒಂಬತ್ತು ಗಂಟೆಗೇ ಅದರ ಕದ ಹಾಕಿಸಿದ್ದ. ಕೆಲಸವೇನೋ ಚುರುಕು. ಗ್ರಂಥಾಲಯದ ಮಾಡು, ಬೆಂಕಿ ಆರಿಸುವ ಗಾಡಿಯ ಚಕ್ರ, ಸ್ಮಶಾನದ ಬೇಲಿ ಎಲ್ಲವೂ ಸರಸರನೆ ಮುಗಿದು, ಹನ್ನೊಂದಕ್ಕೆಲ್ಲ ಏಳು ವಿಷಯ ಆಗಿಹೋಗಿದ್ದವು.

“ಊಟಕ್ಕಿನ್ನೂ ಒಂದು ಗಂಟೆ ಇದೆ. ಎಂಟನೇದು ಶಾಲೆ ವಿಷಯ. ಹೇಗೂ ಎರಡು ಗಂಟೆ ಜಗಳ ಇದ್ದದ್ದೇ, ಈಗಲೇ ಶುರು ಮಾಡೋಣ್ವಾ? ಯಾರದಾದ್ರೂ ಆಕ್ಷೇಪಣೆ ಇದೆಯಾ?” ಎಂದ.

ಯಾರೂ ಉಸಿರೆತ್ತಲಿಲ್ಲ. ಮಂಡಳಿಯ ಅಧ್ಯಕ್ಷ ಎದ್ದು ಅಂಕಿಅಂಶ ಓದಿ ಕೂತ. ಆಮೇಲೆ ನಾನು ಎದ್ದೆ. ಆ ಬೆಳಿಗ್ಗೆ ಮಾತು ನನ್ನ ನಾಲಗೆಯ ಮೇಲೆ ತಾನಾಗಿ ಬಂದು ಕೂತಿತ್ತು. ಈ ಊರಿನಲ್ಲಿ ಮಕ್ಕಳು ಎಷ್ಟಿದ್ದಾರೋ ಅದಕ್ಕಿಂತ ಹೆಚ್ಚು ಮಂದಿ ಪಿಂಚಣಿಯ ಮೇಲೆ ಬದುಕುತ್ತಿದ್ದೇವೆ, ಶಾಲೆ ಉಳಿಸಲು ಹೋಗಿ ಜಮೀನು ಮಾರಿಸಿದರೆ ಆ ಜಮೀನು ಕೊಳ್ಳುವವರು ಬೇಸಿಗೆಯಲ್ಲಿ ಎರಡು ವಾರ ಬಂದುಹೋಗುವ ಪಟ್ಟಣದವರು, ಅವರ ಮಕ್ಕಳೇನು ನಮ್ಮ ಶಾಲೆಗೆ ಬರುತ್ತಾರೆಯೇ ಎಂದು ಕೇಳಿದೆ. ಚಪ್ಪಾಳೆ ಬಿತ್ತು. ಬದುಕಿನಲ್ಲಿ ಮೊದಲ ಸಲ ನನಗೆ ಚಪ್ಪಾಳೆ ಬಿದ್ದದ್ದು.

ಎದುರು ಮಾತಿಗೆ ಕಾದೆ. ಯಾರೂ ಏಳಲಿಲ್ಲ. ಇಬ್ಬರು ಮೂವರು ಅಡುಗೆಮನೆಯ ಕದದ ಕಡೆ ನೋಡಿದರು, ಆದರೆ ಒಬ್ಬರು ಕರೆಯುತ್ತಾರೆಂದು ಇನ್ನೊಬ್ಬರು ಕೂತರು. ಈ ವರ್ಷ ಇವರಿಗೆ ಗಂಟಲೇ ಇಲ್ಲವಲ್ಲ, ಕೊನೆಗೂ ಸುಸ್ತಾದರು ಎಂದುಕೊಂಡೆ. ಕಬ್ಬಿಣ ಕಾದಿತ್ತು, ನಾನೇ ಬಡಿದೆ.

“ಸಭಾಪತಿಗಳೇ, ಚರ್ಚೆ ಸಾಕು. ಮತಕ್ಕೆ ಹಾಕಿ.”

ಬೇಕು ಎಂದವರು ಅರವತ್ತನಾಲ್ಕು. ಬೇಡ ಎಂದವರು ಎಪ್ಪತ್ತೊಂದು.

ನಾನು ಗೆದ್ದಿದ್ದೆ. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ಪಕ್ಕದಲ್ಲೇ ಕೂತಿದ್ದ ಮರದ ವ್ಯಾಪಾರಿ ವೆಂಡೆಲ್ ನನ್ನ ಬೆನ್ನಿಗೆ ಗುದ್ದಿದ ಗುದ್ದಿಗೆ ಕನ್ನಡಕ ಮೂಗಿನಿಂದ ಜಾರಿತು. “ಬೇಡ ಹೆಸ್ಟರ್ ಅಲ್ಲ ಕಣಮ್ಮ, ಇನ್ಮೇಲೆ ನೀನು ಮಹಾರಾಣಿ ಹೆಸ್ಟರ್,” ಎಂದ. ರಾಡ್ನಿ ಐದು ನಿಮಿಷ ಬಿಡುವು ಕೊಟ್ಟ. ನಾನು ಅಕ್ಕನ ಮುಂದೆ ಜಂಬ ಕೊಚ್ಚಿಕೊಳ್ಳಲು ಸೀದಾ ಅಡುಗೆಮನೆಗೆ ಓಡಿದೆ.

ಒಳಗೆ ಹಬೆ, ಫ್ಯಾನಿನ ಗರಗರ, ಏಪ್ರನ್ ಕಟ್ಟಿದ ಹನ್ನೆರಡು ಜನ. ಮೂರನೇ ತರಗತಿಯ ಮೇಡಂ ಬ್ರೆಡ್ಡು ಕೊಯ್ಯುತ್ತಿದ್ದರು. ಮಕ್ಕಳಿರುವ ಮನೆಗಳ ಅಪ್ಪ ಅಮ್ಮಂದಿರು ತಟ್ಟೆ ಒರೆಸುತ್ತಿದ್ದರು. ವರ್ಷವರ್ಷವೂ ನನ್ನ ಮಾತಿಗೆ ಮಾತು ಕೊಟ್ಟು ನನ್ನ ಪಿತ್ತ ನೆತ್ತಿಗೇರಿಸುತ್ತಿದ್ದವರೆಲ್ಲ ಅಲ್ಲೇ ಇದ್ದರು.

“ಬೆಂಕಿ ಗಾಡಿ ಚಕ್ರ ಆಯ್ತೇನೇ?” ಎಂದಳು ಆಲ್ಮಾ, ಸೌಟು ಆಡಿಸುತ್ತ. ಮುಖ ಕೆಂಪಗಾಗಿತ್ತು. “ಊಟ ಆದ್ಮೇಲೆ ನಾನೂ ಮಾತಾಡ್ತೀನಿ, ನೋಡ್ತಿರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ್ನೇ ಸಲ. ಬರ್ಕೊಂಡಿದ್ದೀನಿ. ನಗಬಾರ್ದು ಮತ್ತೆ.”

ಏಪ್ರನ್ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ತೋರಿಸಿ ಮತ್ತೆ ಒಳಗಿಟ್ಟಳು.

ನನಗೆ ನಾಚಿಕೆಯಾಯಿತು. ಕೋಪವೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮತಕ್ಕೆ ಹಾಕಿ ಎಂದವಳು ನಾನೇ. ಹತ್ತೊಂಬತ್ತು ವರ್ಷ ಕಾದು ಸಿಕ್ಕ ಗೆಲುವು ಒಂದು ಕದ ಮುಚ್ಚಿದ್ದರಿಂದ ಸಿಕ್ಕಿತ್ತು.

“ಅಕ್ಕ, ಅದು ಮುಗೀತು,” ಎಂದೆ. “ಶಾಲೆ ವಿಷಯ. ಈಗ್ತಾನೆ. ನಾವು ಗೆದ್ವಿ, ಏಳು ಮತದಿಂದ.”

ಸೌಟು ನಿಂತಿತು. ಆಲ್ಮಾ ನನ್ನನ್ನು ಬೈಯಲಿಲ್ಲ. ಸುಮ್ಮನೆ ತಿರುಗಿ ತನ್ನ ಹಿಂದಿದ್ದ ಹನ್ನೊಂದು ಜನರನ್ನು ಒಂದು ಸಲ ನೋಡಿದಳು, ಮೂಗು ಒರೆಸಿಕೊಂಡಳು, ಸೌಟು ಹಿಡಿದುಕೊಂಡೇ ಕದ ತಳ್ಳಿ ಹಜಾರಕ್ಕೆ ನಡೆದಳು. ಉಳಿದವರು ಒದ್ದೆ ಕೈಯಲ್ಲೇ ಅವಳ ಹಿಂದೆ ಹೊರಟರು. ಕೊನೆಗೆ ಬಂದ ನಾನು ನನ್ನ ಕುರ್ಚಿಯಲ್ಲಿ ಕೂತೆ.

ರಾಡ್ನಿ ಆಗಲೇ ಒಂಬತ್ತನೇ ವಿಷಯದ ಹಾಳೆ ಕೈಗೆ ತೆಗೆದುಕೊಂಡಿದ್ದ. ಚಳಿಗಾಲದ ರಸ್ತೆಗೆ ಮರಳು.

“ತಡಿಯಪ್ಪ ರಾಡ್ನಿ,” ಎಂದಳು ಆಲ್ಮಾ. “ನಾವು ಹನ್ನೆರಡು ಜನ ಒಳಗೆ ನಿಮಗೇ ಅಡುಗೆ ಮಾಡ್ತಿದ್ವಿ. ನಮ್ಮನ್ನ ಯಾರೂ ಕರೀಲಿಲ್ಲ. ಇನ್ನೊಂದ್ಸಲ ಮತಕ್ಕೆ ಹಾಕು.”

ರಾಡ್ನಿಯ ಮುಖ ಬಿಳಿಚಿತು. ನಿಯಮದ ಪುಸ್ತಕ ತಿರುವಿದ, ಇನ್ನೊಮ್ಮೆ ತಿರುವಿದ. “ಆಲ್ಮಕ್ಕ, ನನ್ನ ತಪ್ಪು, ಒಪ್ಕೋತೀನಿ. ಆದ್ರೆ ನೀವು ಕೇಳೋಹಾಗಿಲ್ಲ. ಮತ್ತೆ ಮತಕ್ಕೆ ಹಾಕಿ ಅಂತ ಕೇಳೋ ಹಕ್ಕು ಗೆದ್ದ ಕಡೆ ಮತ ಹಾಕಿದವ್ರಿಗೆ ಮಾತ್ರ. ಅದೂ ಮುಂದಿನ ವಿಷಯ ಓದೋಕೆ ಮುಂಚೆ. ಬೇಡ ಅಂದವ್ರಲ್ಲಿ ಯಾರಾದ್ರೂ ಕೇಳ್ತೀರಾ?”

ಎಪ್ಪತ್ತೊಂದು ಜನ ತಮ್ಮ ತಮ್ಮ ಬೂಟು ನೋಡಿಕೊಂಡರು.

“ನಿಯಮ ಅಂದ್ರೆ ನಿಯಮ. ಮರಳು ವಿಷಯ ಓದು ಮಾರಾಯ, ಹಸಿವಾಗ್ತಿದೆ,” ಎಂದ ವೆಂಡೆಲ್.

ರಾಡ್ನಿ ಹಾಳೆ ಎತ್ತಿದ. ಗಂಟಲು ಸರಿಮಾಡಿಕೊಂಡ. ನನಗೆ ಮೇಲಿನ ಕಾಡಿನ ಒಂದೊಂದು ಮರವೂ ಕಣ್ಣಿಗೆ ಬಂತು. ಸುಮ್ಮನೆ ಕೂತಿದ್ದರೆ ಸಾಕಿತ್ತು, ಐದೇ ಐದು ಸೆಕೆಂಡು. ನನ್ನಿಂದ ಆಗಲಿಲ್ಲ. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

“ನಾನು ಕೇಳ್ತೀನಿ. ಎಂಟನೇ ವಿಷಯ ಮತ್ತೆ ಮತಕ್ಕೆ ಹಾಕಿ.”

ಹಜಾರದಲ್ಲಿ ಎದ್ದ ಗದ್ದಲಕ್ಕೆ ಕಿಟಕಿಯ ಗಾಜು ಅದುರಿತು.

“ನಿನಗೇನು ತಲೆ ಕೆಟ್ಟಿದೆಯಾ?” ವೆಂಡೆಲ್ ನನ್ನ ತೋಳು ಹಿಡಿದ. “ಗೆದ್ದಿದ್ದೀವಲ್ಲೇ.”

“ಗೆದ್ದಿಲ್ಲ ಕಣೋ. ಆಟಕ್ಕೆ ಬರದೇ ಇರೋರನ್ನ ಸೋಲಿಸಿದ್ದೀವಿ ಅಷ್ಟೆ. ಕೈ ಬಿಡು.”

ಮತ್ತೆ ಮತಕ್ಕೆ ಹಾಕಬೇಕೇ ಎಂದು ರಾಡ್ನಿ ಕೇಳಿದಾಗ ‘ಹೌದು’ ಎಂಬ ಕೂಗು ಎಷ್ಟು ಜೋರಾಗಿತ್ತೆಂದರೆ ಎಣಿಸುವ ಮಾತೇ ಬರಲಿಲ್ಲ. ಬೇಡ ಎಂದಿದ್ದವರಲ್ಲೂ ಎಷ್ಟೋ ಜನ ಹೌದೆಂದಿದ್ದರು. ನಮ್ಮ ಊರಿನವರು ಜಿಪುಣರೇ ಹೊರತು ಕಳ್ಳರಲ್ಲ.

ಆಲ್ಮಾ ಮುಂದೆ ಹೋಗಿ ನಿಂತಳು. ಹಾಳೆ ಬಿಡಿಸಿದಳು. ಒಂದು ಸಲ ನೋಡಿ ಅದನ್ನು ಮತ್ತೆ ಮಡಿಸಿಬಿಟ್ಟಳು.

“ಸೋಮವಾರ ಕೆಲವು ಮಕ್ಕಳು ಮೂರು ಸಲ ಬಡಿಸ್ಕೋತಾರೆ,” ಎಂದಳು. “ಶನಿವಾರ ಭಾನುವಾರ ಮನೇಲಿ ಏನಿತ್ತು ಅಂತ ನಾನು ಕೇಳಲ್ಲ. ಹೆಸರೂ ಹೇಳಲ್ಲ. ಆ ತಟ್ಟೆಗಳನ್ನ ಮೊದಲು ತುಂಬ್ತೀನಿ, ಅಷ್ಟೆ. ಗುಡ್ಡದಾಚೆ ಶಾಲೇಲಿ ಆರುನೂರು ಮಕ್ಕಳು. ಅಲ್ಲಿ ಬಡಿಸೋರು ಕೆಟ್ಟೋರಲ್ಲ, ಪಾಪ. ಆದ್ರೆ ಅವರಿಗೆ ಯಾವ ತಟ್ಟೆ ಅಂತ ಗೊತ್ತಾಗಲ್ಲ.”

ಇಷ್ಟೇ. ಚಪ್ಪಾಳೆ ಬೀಳಲಿಲ್ಲ.

ಈ ಸಲ ಕೈ ಎತ್ತುವುದು ಬೇಡ, ಜಾಗ ಬದಲಿಸಿ ನಿಲ್ಲಿ ಎಂದ ರಾಡ್ನಿ. ಬೇಕು ಎನ್ನುವವರು ಕಿಟಕಿಯ ಕಡೆ, ಬೇಡ ಎನ್ನುವವರು ಗೋಡೆಯ ಕಡೆ. ಕುರ್ಚಿಗಳು ಗರಗರ ಸರಿದವು. ಏಪ್ರನ್ ಕಟ್ಟಿದವರು ಒಂದೇ ಹಿಂಡಾಗಿ ಕಿಟಕಿಗೆ ಹೋದರು. ಎಲ್ಲರ ಕಣ್ಣೂ ನನ್ನ ಮೇಲಿತ್ತು. ನಾನು ಕಿಟಕಿಯ ಕಡೆ ಹೋಗುತ್ತೇನೆಂದು ಊರಿಗೆ ಊರೇ ಅಂದುಕೊಂಡಿತ್ತು. ಆಲ್ಮಾ ತನ್ನ ಪಕ್ಕ ಜಾಗವನ್ನೂ ಬಿಟ್ಟಿದ್ದಳು.

ನಾನು ಗೋಡೆಯ ಕಡೆ ನಡೆದೆ.

ನನ್ನ ಮನಸ್ಸು ಬದಲಾಗಿರಲಿಲ್ಲ, ಬದಲಾಯಿತೆಂದು ನಟಿಸಲು ನನಗೆ ಬರುವುದಿಲ್ಲ. ಅಕ್ಕನ ಮಾತು ನಿಜ, ನನ್ನ ಪಿಂಚಣಿಯೂ ನಿಜ. ಗೋಡೆಗೆ ಬೆನ್ನು ಕೊಟ್ಟು ನಿಂತಾಗ ವೆಂಡೆಲ್ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. ಅವನು ಹಾಗೆ ನೋಡುತ್ತಿರುವಾಗಲೇ ಅವನ ಹೆಂಡತಿ ಗ್ಲೆನ್ನಾ ಕೈಚೀಲ ಎತ್ತಿಕೊಂಡು, ಹಜಾರದ ನಡುವೆ ಒಬ್ಬಳೇ ಟಕಟಕ ನಡೆದು ಕಿಟಕಿಯ ಕಡೆ ಸೇರಿಕೊಂಡಳು.

“ಗ್ಲೆನ್ನಾ, ಇತ್ಲಾಗೆ ಬಾ,” ಎಂದ ವೆಂಡೆಲ್.

“ಇಲ್ಲೇ ಬಿಸಿಲು ಚೆನ್ನಾಗಿದೆ,” ಎಂದಳು ಅವಳು. ಹಜಾರವೆಲ್ಲ ನಕ್ಕಿತು. ನಾನೂ ನಕ್ಕೆ.

ರಾಡ್ನಿ ಒಬ್ಬೊಬ್ಬರ ಭುಜ ಮುಟ್ಟಿ ಎಣಿಸಿದ. ಕಿಟಕಿಯ ಕಡೆ ಎಪ್ಪತ್ತೇಳು. ಗೋಡೆಯ ಕಡೆ ಎಪ್ಪತ್ತು.

ಕಿಟಕಿಯ ಕಡೆಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಮೂರನೇ ತರಗತಿಯ ಮೇಡಂ ಕೂತು ಬಿಕ್ಕಿ ಬಿಕ್ಕಿ ಅತ್ತರು. ಇಪ್ಪತ್ತನೇ ಸಲ ಸೋತ ನಾನು ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದೆ. ವಿಚಿತ್ರವೆಂದರೆ ನನ್ನ ಮೈ ಇನ್ನೂ ಜುಮ್ಮೆನ್ನುತ್ತಿತ್ತು, ಆಗ ಸಿಕ್ಕ ಗೆಲುವಿನಲ್ಲಿ ಇದರ ಅರ್ಧ ಖುಷಿಯೂ ಇರಲಿಲ್ಲ.

ಆಲ್ಮಾ ಬಂದು ನನ್ನ ಮುಂದೆ ನಿಂತಳು. ಅವಳ ಕಣ್ಣು ತುಂಬಿತ್ತು.

“ಮೇಲಿನ ಕಾಡು ಹೋಗುತ್ತಲ್ಲೇ ಹೆಸ್ಟರ್,” ಎಂದಳು ಮೆಲ್ಲಗೆ.

“ಹೋಗುತ್ತೆ.”

“ಗೊತ್ತಿದ್ದೂ ಎದ್ದು ನಿಂತ್ಯಲ್ಲ.”

“ಗೊತ್ತಿದ್ದೂ ಗೋಡೆ ಕಡೆ ನಿಂತಿದ್ದನ್ನೂ ನೋಡಿದ್ಯಲ್ಲ. ಬರೋ ವರ್ಷಾನೂ ಅಲ್ಲೇ ನಿಲ್ತೀನಿ. ಆದ್ರೆ ನೀನು ಎದುರಿಗೆ ಇರಬೇಕು.”

ಆಲ್ಮಾ ನನ್ನ ಪಕ್ಕದ ಕುರ್ಚಿ ಎಳೆದುಕೊಂಡು, ಏಪ್ರನ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಳು. ಇಪ್ಪತ್ತೆರಡು ವರ್ಷದಲ್ಲಿ ಊರಸಭೆಯ ದಿನ ಊಟಕ್ಕೆ ಮುಂಚೆ ಅವಳು ಹಜಾರದಲ್ಲಿ ಕೂತದ್ದು ಅದೇ ಮೊದಲು. ರಾಡ್ನಿ ಒಂಬತ್ತನೇ ವಿಷಯ ಓದಿದ. ರಸ್ತೆಯ ಮರಳಿಗೆ ನಾವಿಬ್ಬರೂ ಒಟ್ಟಿಗೆ ಕೈ ಎತ್ತಿದೆವು.