ಫ್ರಿಜ್ಜಿನಲ್ಲಿಟ್ಟ ಬೀಗದ ಕೈ

ಮೂರು ದಿನ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಲಿಲ್ಲ, ಮಿಕ್ಸಿ ತಿರುಗಲಿಲ್ಲ. ಸೀನು ಬಂದರೆ ನನ್ನ ಗಂಡ ಮೂಗು ಹಿಡಿದುಕೊಂಡು ಮೆಟ್ಟಿಲಿಗೆ ಓಡುತ್ತಿದ್ದರು. ಮಗಳು ತಾನೇ ಕಟ್ಟಿದ ಹಾಡನ್ನು ರೆಕಾರ್ಡ್ ಮಾಡುತ್ತಿದ್ದಳು. ಭಾನುವಾರ ಸಂಜೆ ಐದರೊಳಗೆ ಅದು ರೇಡಿಯೊದ ಹೊಸ ದನಿಗಳ ಕಾರ್ಯಕ್ರಮಕ್ಕೆ ತಲುಪಬೇಕಿತ್ತು. ತಪ್ಪಿದರೆ ಇನ್ನು ಮುಂದಿನ ವರ್ಷವೇ.

ಮಲಗುವ ಕೋಣೆಯೇ ಸ್ಟುಡಿಯೊ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದರ ಮುಂದೆ ಮೈಕು ನಿಲ್ಲಿಸಿ, ಬೆನ್ನ ಹಿಂದೆ ನಮ್ಮ ಎರಡು ರಜಾಯಿಗಳನ್ನು ಇಳಿಬಿಟ್ಟಿದ್ದಳು. ಬಟ್ಟೆ ಇದ್ದರೆ ದನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲವಂತೆ. ಇಸ್ತ್ರಿಯಾಗದ ಬಟ್ಟೆಗೂ ಒಂದು ಮರ್ಯಾದೆ ಬಂತಲ್ಲ ಎಂದು ನಾನು ಆ ರಾಶಿಯನ್ನೂ ತಂದು ಮೂಲೆಗೆ ಸುರಿದೆ.

ಇಷ್ಟಾದರೂ ಪಲ್ಲವಿಯ ಕೊನೆಯಲ್ಲಿ ಗಿಟಾರಿನ ಒಂದು ತಂತಿ ಮೀಟಿದಾಗಲೆಲ್ಲ ಜಿರ್ರ್ ಎಂದು ಕೇಳುತ್ತಿತ್ತು, ಡಬ್ಬಿಯಲ್ಲಿ ಸಿಕ್ಕಿಬಿದ್ದ ನೊಣದ ಹಾಗೆ. ಮೊದಲು ಫ್ಯಾನಿನ ಮೇಲೆ ಅನುಮಾನ, ಆಮೇಲೆ ನನ್ನ ಬಳೆಗಳ ಮೇಲೆ. ಬಳೆ ತೆಗೆದಿಟ್ಟು ಪಾತ್ರೆ ತೊಳೆದೆ. ಭಾನುವಾರ ಬೆಳಿಗ್ಗೆ ಫ್ರಿಜ್ಜಿನ ಸರದಿ. ಮಗಳು ಅದನ್ನು ಆರಿಸಿ, ಮನೆಯ ಬೀಗದ ಕೈಯನ್ನು ಅದರೊಳಗೇ ಇಟ್ಟಳು. ಹೊರಗೆ ಹೊರಟವರಿಗೆ ಕೀಲಿ ಬೇಕು, ಕೀಲಿಗೆ ಫ್ರಿಜ್ ತೆಗೆಯಬೇಕು, ಆಗ ಮತ್ತೆ ಚಾಲು ಮಾಡುವುದು ನೆನಪಾಗುತ್ತದೆ ಎಂಬ ಲೆಕ್ಕ.

ಆದರೂ ಜಿರ್ರ್ ಹೋಗಲಿಲ್ಲ. ಉಳಿದವರು ನಮ್ಮ ಮಾವ. ಅವರ ಕಿವಿಯ ಮಿಷನ್ನು ಒಮ್ಮೊಮ್ಮೆ ತಾನೇ ಶಿಳ್ಳೆ ಹಾಕುವುದುಂಟು.

“ತಾತ, ನಿಮ್ಮ ಮಿಷನ್ನೇ ಇರ್ಬೇಕು,” ಎಂದಳು ಮಗಳು, ಸೋತ ದನಿಯಲ್ಲಿ.

ಮಾವ ಅದನ್ನು ಬಿಚ್ಚಿಕೊಂಡು ಒಳಗೆ ಹೋದರು. ಜಿರ್ರ್ ಅಲ್ಲೇ ಇತ್ತು. ಪುನಃ ಹಾಕಿಕೊಳ್ಳಿ ಎಂದು ಅವರಿಗೆ ಹೇಳುವುದು ಮಾತ್ರ ನಮಗ್ಯಾರಿಗೂ ಹೊಳೆಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೂ ಕೇಳಿಸದೆ, ಹೋಗಿ ಭುಜ ಮುಟ್ಟಬೇಕಾಯಿತು.

ಎರಡು ಗಂಟೆಗೆ ಮಗಳು ಗಿಟಾರನ್ನು ಮಂಚದ ಮೇಲಿಟ್ಟು ಬಟ್ಟೆರಾಶಿಯ ಪಕ್ಕ ಕುಸಿದಳು. “ಬಿಟ್ಬಿಡ್ತೀನಮ್ಮ. ನನ್ ಕೈಲಾಗಲ್ಲ.”

ನಾನು ಹೊದಿಕೆ ಮಡಿಸುತ್ತಿದ್ದೆ. ಅದರ ಒಂದು ತುದಿಯನ್ನು ಅವಳ ಕೈಗಿಟ್ಟೆ. ಇಬ್ಬರೂ ಸೇರಿ ಮೂರು ಹೊದಿಕೆ ಮಡಿಸಿದೆವು.

ಬಾಗಿಲಲ್ಲಿ ನಿಂತಿದ್ದ ಮಾವ ಅವಳ ಮುಖ ನೋಡಿ, ಕೋಣೆಗೆ ಹೋಗಿ, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಬಂದರು. ನಲವತ್ತು ವರ್ಷ ಬಸ್ಸಿನ ಎಂಜಿನ್ನುಗಳನ್ನು ರಿಪೇರಿ ಮಾಡಿದವರು. ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿದರೆ ಯಾವ ಭಾಗಕ್ಕೆ ಕಾಯಿಲೆಯೋ ಅದು ಕಬ್ಬಿಣದ ಮೂಲಕ ಮಾತಾಡುತ್ತದೆ ಎನ್ನುತ್ತಿದ್ದರು.

“ಬಾರ್ಸು ಮಗಾ.”

“ತಾತ, ಇದು ಬಸ್ಸಲ್ಲ,” ಎಂದಳು. ಅವರಿಗೆ ಕೇಳಿಸಲಿಲ್ಲ, ಹಾಗಾಗಿ ಬೇಸರವೂ ಆಗಲಿಲ್ಲ.

ಅವಳು ಆ ತಂತಿಯನ್ನು ಮೀಟುತ್ತ ಹೋದಳು. ಮಾವ ತುದಿಯನ್ನು ಗಿಟಾರಿನ ಹೊಟ್ಟೆಗೆ ಮೆಲ್ಲಗೆ ಮುಟ್ಟಿಸಿದರು, ಆಮೇಲೆ ಕತ್ತಿಗೆ, ಆಮೇಲೆ ತಲೆಗೆ. ಮೂರನೇ ಬಿರಡೆಯ ಹತ್ತಿರ ಅವರ ಹುಬ್ಬು ಮೇಲೇರಿತು.

“ಇಲ್ಲಿದಾನೆ ಕಳ್ಳ.”

ತಂತಿ ಬಿಗಿಸುವ ಆ ಬಿರಡೆಯ ಬುಡದಲ್ಲಿ ಕಡಲೆಕಾಳಿನಷ್ಟು ನಟ್ಟೊಂದು ಸಡಿಲಾಗಿತ್ತು. ಬೆರಳಿನಿಂದಲೇ ಬಿಗಿ ಮಾಡಿದರು. ಎಲ್ಲರೂ ಎಂಜಿನ್ನೇ ಬಿಚ್ಚಿ ಹಾಕುತ್ತಾರೆ, ಇರುವುದು ಒಂದು ನಟ್ಟು ಎಂದು ಗೊಣಗಿಕೊಂಡರು.

ಮೂರರ ಹೊತ್ತಿಗೆ ಗಿಟಾರು ಮುಗಿಯಿತು, ಮೂರೂವರೆಗೆ ಹಾಡು. ಆಮೇಲೆ ಎರಡನ್ನೂ ಬೆರೆಸುವ ಕೆಲಸ. ಗಿಟಾರಿನ ನಾದವನ್ನು ಎಡಬಲ ಕಿವಿಗಳಿಗೆ ಹರಡಿ, ತನ್ನ ದನಿಯನ್ನು ನಡುವೆ ಕೂರಿಸಿ, ನನ್ನ ಕೈಗೆ ಫೋನು ಕೊಟ್ಟು, ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ಕೇಳು, ಯಾವ ಮಾತು ತಿಳಿಯುವುದಿಲ್ಲ ಹೇಳು ಎಂದಳು. ಎರಡನೇ ಚರಣದಲ್ಲಿ ಗಿಟಾರು ನಿನ್ನ ಮಾತಿನ ಮೇಲೆ ಹತ್ತಿ ಕೂತಿದೆ ಎಂದೆ. ಉಪ್ಪು ಹೆಚ್ಚಾದ ಸಾರಿಗೆ ನೀರು ಬೆರೆಸುವವಳಂತೆ ಚೂರುಚೂರೇ ತಗ್ಗಿಸಿದಳು. ಐದಕ್ಕೆ ಎಂಟು ನಿಮಿಷವಿರುವಾಗ ಹಾಡು ರೇಡಿಯೊಗೆ ಹೋಯಿತು.

ನನ್ನ ಗಂಡ ಸಿಹಿ ತರಲು ಹೊರಟು, ಕೀಲಿಗಾಗಿ ಫ್ರಿಜ್ ತೆಗೆದವರು ಹಾಗೇ ನಿಂತರು. ಬೀಗದ ಕೈಯ ಪಕ್ಕದಲ್ಲಿ ಮಾವನ ಕಿವಿಯ ಮಿಷನ್ನಿನ ಪುಟ್ಟ ಪೆಟ್ಟಿಗೆ.

ಮಗಳು ಅದನ್ನು ಎತ್ತಿ ತೋರಿಸಿದಾಗ ಮಾವ ನಕ್ಕರು. “ಫ್ರಿಜ್ ಜೊತೆ ನನ್ ಕಿವೀನೂ ನೆನಪಾಗ್ಲಿ ಅಂತ ಇಟ್ಟೆ.”

ಅವಳ ಕಣ್ಣು ತುಂಬಿತು. ಮಿಷನ್ನನ್ನು ಎರಡು ಅಂಗೈಗಳ ನಡುವೆ ಬಹಳ ಹೊತ್ತು ಬೆಚ್ಚಗೆ ಹಿಡಿದು, ತಾನೇ ಅವರ ಕಿವಿಗೆ ಹಾಕಿ, ಹಾಡು ಹಚ್ಚಿದಳು. ಮಾವ ಕಣ್ಣು ಮುಚ್ಚಿದರು. ಪಲ್ಲವಿಯ ಕೊನೆ ಬಂದಾಗ ಒಂದು ಬೆರಳೆತ್ತಿ ಕಾದರು. ತಂತಿ ಶುದ್ಧವಾಗಿ ನುಡಿಯಿತು.

ಹಾಡು ಮುಗಿದ ಮೇಲೆ, ರಿಪೇರಿ ಮುಗಿದ ಬಸ್ಸನ್ನು ರಸ್ತೆಗೆ ಕಳಿಸುವವರಂತೆ ಅವಳನ್ನೇ ನೋಡಿದರು.

“ಗಾಡಿ ಲೈನಿಗೆ ಬಿಡಬಹುದು.”

ನಾನು ಬಳೆ ಹಾಕಿಕೊಂಡು ಕುಕ್ಕರ್ ಇಟ್ಟೆ.