ಮಗ್ಗ ನಿಲ್ಲಿಸಿ ಕರೆದ ಹೆಸರು

ನಮ್ಮ ಬನಹಟ್ಟಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬರುವುದನ್ನು ಯಾರೂ ಹೇಳಬೇಕಾಗಿಲ್ಲ. ಟ್ರ್ಯಾಕ್ಟರ್ ಇನ್ನೂ ದೂರದ ತಿರುವಿನಲ್ಲಿ ಇರುವಾಗಲೇ ಅದರ ಸ್ಪೀಕರಿನ ಹಾಡು ಓಣಿಗೆ ಬಂದು ಮುಟ್ಟಿರುತ್ತದೆ. ಮಲಗಿದ ಮುದುಕರು ಎದ್ದು ಕೂತು ಬೈಯುತ್ತಾರೆ. ನಾಯಿ ಓಡಿ ಕಟ್ಟೆಯ ಹಿಂದೆ ಸೇರುತ್ತದೆ.

ಹೋದ ವರ್ಷ ದೀಪಾವಳಿ ಮುಗಿದ ವಾರ, ಅಂಥದೊಂದು ಟ್ರ್ಯಾಕ್ಟರ್ ನಮ್ಮ ಮಗಳ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ಕಿರ್ರೆಂದು ನಿಂತಿತು. ಐದು ವರ್ಷದ ಅಕ್ಷತಾ ರಸ್ತೆಯ ನಡುವೆ ಕುಕ್ಕರಗಾಲಲ್ಲಿ ಕೂತು ಸೀಮೆಸುಣ್ಣದಿಂದ ಕೋಳಿ ಬರೆಯುತ್ತಿದ್ದಳು. ಅಷ್ಟು ಹಾಡು, ಅಷ್ಟು ಹಾರ್ನು, ಆದರೂ ತಲೆ ಎತ್ತಿರಲಿಲ್ಲ.

ಡ್ರೈವರ್ ಕೆಳಗೆ ಹಾರಿದ. "ಯಾರ ಕೂಸ್ರೀ ಇದು? ಕಿವುಡಿ ಏನ್ರೀ?"

"ಕಿವುಡಿ ಯಾಕ ಆಗ್ತಾಳ? ಹಟಮಾರಿ ಅದಾಳ. ಕರೆದ್ರ ಹೊಳ್ಳಿ ನೋಡಂಗಿಲ್ಲ," ಅಂದೆ ಮನೆಯಿಂದ ಓಡಿ ಬಂದ ನಾನು. ಅಂದು ಅವಳ ಬೆನ್ನಿಗೆ ಒಂದು ಬಿಟ್ಟೆ. ಅವಳಿಗೆ ಬಿದ್ದ ಆ ಏಟು ಇವತ್ತಿಗೂ ನನ್ನ ಕೈಯಲ್ಲೇ ಉಳಿದಿದೆ.

ನಮ್ಮದು ನೇಕಾರರ ಮನೆ. ಮುಂದಿನ ಕೋಣೆಯಲ್ಲಿ ನಾಲ್ಕು ಪವರ್‌ಲೂಮ್, ಹಿಂದೆ ಅಡುಗೆಮನೆ, ಅದರಾಚೆ ಮಲಗುವ ಒಂದು ಕೋಣೆ. ನನ್ನ ಗಂಡ ಕಲ್ಮೇಶ ಮಗ್ಗದ ಹತ್ತಿರ, ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ ನಾನು ಗೋಡೆಯ ಹತ್ತಿರ, ಅತ್ತೆ ಶಿವಗಂಗವ್ವ ಒಲೆಯ ಹತ್ತಿರ. ಬೆಳಗ್ಗೆ ಸ್ವಿಚ್ ಒತ್ತಿದರೆ ಆಮೇಲೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅದಕ್ಕೇ ನಮ್ಮಂಥ ಮನೆಗಳಲ್ಲಿ ಮಾತು ಕೈಯಿಂದ ನಡೆಯುತ್ತದೆ. ಐದು ಬೆರಳು ಬಾಯಿಗೆ ತಂದರೆ ಊಟ. ಹೆಬ್ಬೆರಳು ತುಟಿಗೆ ಎತ್ತಿದರೆ ಚಹಾ. ಯಾರನ್ನಾದರೂ ಕರೆಯಬೇಕೆಂದರೆ ಹೋಗಿ ಭುಜ ಮುಟ್ಟಬೇಕು.

ಇಂಥ ಮನೆಯಲ್ಲಿ ಬೆಳೆದ ಅಕ್ಷತಾ, ನಮ್ಮ ಅಕ್ಕು, ನಮಗಿಂತ ಚುರುಕು. ಮಗ್ಗದಲ್ಲಿ ಎಳೆ ಹರಿದರೆ ಮೊದಲು ಅವಳ ಕಣ್ಣಿಗೇ ಬೀಳುತ್ತಿತ್ತು. ಓಡಿ ಬಂದು ಅಪ್ಪನ ಅಂಗಿ ಜಗ್ಗುತ್ತಿದ್ದಳು. ಎಲ್ಲರೂ ಕೈಸನ್ನೆ ಮಾಡುವ ಮನೆಯಲ್ಲಿ ಅವಳೂ ಕೈಸನ್ನೆ ಮಾಡಿದರೆ ಯಾರಿಗೆ ಏನು ಅನಿಸಬೇಕು? ಬಾಯಿಂದ ಮಾತ್ರ ನಾಲ್ಕೇ ಮಾತು ಬರುತ್ತಿದ್ದವು: ಅವ್ವ, ಅಪ್ಪ, ಬಾ, ಬ್ಯಾಡ.

"ಇವರಪ್ಪಗೂ ಮಾತು ತಡಾನ ಬಂದಿದ್ವು," ಅನ್ನುತ್ತಿದ್ದರು ನಮ್ಮ ಅತ್ತೆ. "ಐದು ತುಂಬಿದ ಮ್ಯಾಲೆ ಬಾಯಿ ತೆಗದ. ಈಗ ನೋಡು, ಮುಚ್ಚಂಗೇ ಇಲ್ಲ."

ಅಂಗನವಾಡಿಯಲ್ಲಿ ಮಕ್ಕಳು ಅವಳನ್ನು ಮೂಗಿ ಅನ್ನತೊಡಗಿದರು. ಮುಂದಿನ ಜೂನ್‌ನಲ್ಲಿ ಒಂದನೇ ತರಗತಿಗೆ ಹಚ್ಚುವ ವಯಸ್ಸಾಗುತ್ತಿತ್ತು. ಆದರೆ ಮನೆಯಲ್ಲಿ ಆಗಲೇ ತೀರ್ಮಾನ ಆಗಿತ್ತು. "ಮಾತು ಬರೂತನಕ ಸಾಲಿ ಬ್ಯಾಡ. ನಾಕು ಮಂದ್ಯಾಗ ನಗಿಗೇಡಿ ಆಗೂದು ಯಾಕ? ಮನ್ಯಾಗ ಇದ್ದು ಕಂಡಿಕಿ ಸುತ್ತೂದು ಕಲೀಲಿ." ಅತ್ತೆ ಅಂದರು, ಗಂಡ ಸುಮ್ಮನಾದರು. ನಾನೂ ಹೂಂ ಅಂದುಬಿಟ್ಟೆ. ಕೆಲಸಕ್ಕೆ ಒಂದು ಸಣ್ಣ ಕೈ ಸಿಗುತ್ತದೆ ಅನ್ನುವ ಆಸೆಯೂ ಇತ್ತು. ಸುಳ್ಳು ಯಾಕೆ ಹೇಳಲಿ?

ಟ್ರ್ಯಾಕ್ಟರ್ ನಿಂತ ದಿನ ನಾನು ಹೊಡೆದದ್ದನ್ನು ಎದುರುಮನೆಯ ಬೋರವ್ವ ನೋಡಿದ್ದಳು. ಬೋರವ್ವ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ. ಮರುದಿನ ಮಧ್ಯಾಹ್ನ ಬಂದು ನೇರ ಅಡುಗೆಮನೆಗೇ ನುಗ್ಗಿ, ನಡುವಿನ ಬಾಗಿಲು ಎಳೆದುಕೊಂಡಳು.

"ಪೂರ್ಣಿಮಾ, ಚಹಾ ಇಡಬ್ಯಾಡ, ಕುಂದ್ರು. ಮಳಿಗಾಲದಾಗ ಅಂಗನವಾಡಿಗೆ ಡಾಕ್ಟರ್ ಗಾಡಿ ಬಂದಿತ್ತಲ್ಲ, ಅಕ್ಕುಗ ಒಂದು ಚೀಟಿ ಕೊಟ್ಟಿದ್ರು. ಎಲ್ಲೈತಿ ಅದು?"

ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹಿಟ್ಟಿನ ಡಬ್ಬಿಯ ಕೆಳಗೆ. ನನ್ನ ಕಣ್ಣು ಆ ಕಡೆ ಹೋದದ್ದನ್ನು ಬೋರವ್ವ ನೋಡಿಬಿಟ್ಟಳು. ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿ ಅಂತ ಅದರಲ್ಲಿ ಬರೆದಿತ್ತು. ಓದಿದ್ದೆ, ಮಡಚಿ ಇಟ್ಟಿದ್ದೆ.

"ಕಿವಿ ಛಲೋ ಅದಾವ ಬೋರಕ್ಕ. ಬೇಕಾರ ನೋಡು," ಅಂದೆ. ಅಕ್ಕು ನೆಲದ ಮೇಲೆ ಆಡುತ್ತಿದ್ದಳು. ಅವಳ ಹಿಂದೆ ಸ್ಟೀಲ್ ತಾಟು ದಬ್ ಅಂತ ಬೀಳಿಸಿದೆ. ಅಕ್ಕು ತಟ್ಟನೆ ಹೊಳ್ಳಿ ನೋಡಿದಳು.

ಅತ್ತೆಗೆ ಖುಷಿಯೋ ಖುಷಿ. "ಏನಂತಿ ಈಗ? ನಿಮ್ಮ ಸರ್ಕಾರದ ಡಾಕ್ಟರಗೇ ಕಿವಿ ತೋರಿಸ್ಕೋ ಅಂತ ಹೇಳು!"

"ಹೇಳ್ತೀನಿ ಚಿಗವ್ವ," ಬೋರವ್ವ ನಕ್ಕಳು. "ಆದ್ರ ತಾಟು ಬಿದ್ದದ್ದು ಎಲ್ಲಿ? ನೆಲದ ಮ್ಯಾಲೆ. ಕೂಸು ಕುಂತದ್ದು ಎಲ್ಲಿ? ಅದ ನೆಲದ ಮ್ಯಾಲೆ. ನೆಲ ಅದುರಿತು, ಕಾಲಿಗೆ ಗೊತ್ತಾತು. ಕಿವಿಗೆ ಗೊತ್ತಾತು ಅಂತ ಹೆಂಗ ಹೇಳ್ತಿ? ಕಲ್ಮೇಶಗ ಹೇಳಿ ಐದು ನಿಮಿಷ ಮಗ್ಗ ಬಂದ್ ಮಾಡ್ಸು."

"ಐದು ನಿಮಿಷ! ಮಗ್ಗ ನಿಂತ್ರ ಸೀರಿ ನೀ ನೇಯ್ತೀಯೇನು?"

"ಐದು ನಿಮಿಷದಾಗ ನಿಮ್ಮ ಮಗ್ಗದಾಗ ಒಂದು ಮೊಳ ಸೀರಿ ಆಗಂಗಿಲ್ಲ, ನಾನೂ ಇದ ಓಣ್ಯಾಗ ಹುಟ್ಟೇನಿ. ಮಾಡ್ಸು ಚಿಗವ್ವ."

ನಾಲ್ಕೂ ಮಗ್ಗ ನಿಂತವು. ನಳದಿಂದ ಹನಿ ಬೀಳುವ ಸದ್ದು ಕೇಳತೊಡಗಿತು. ಬೋರವ್ವ ಅತ್ತೆಯನ್ನು ಮಂಚದ ಮೇಲೆ ಕೂರಿಸಿ, ಅಕ್ಕುವನ್ನು ಅವರ ತೊಡೆಯ ಮೇಲೆ ಇಟ್ಟು, ಆಡಲು ಕೈಗೊಂದು ಖಾಲಿ ಕಂಡಿಕೆ ಕೊಟ್ಟಳು. ನನ್ನನ್ನು ಹಿಂದೆ ನಿಲ್ಲಿಸಿದಳು. "ನೆರಳು ಮುಂದ ಬೀಳಬಾರದು. ಮುಟ್ಟಬ್ಯಾಡ. ಕಾಲು ಬಡೀಬ್ಯಾಡ. ಬರೇ ಹೆಸರು ಕರಿ."

"ಅಕ್ಕೂ," ಅಂದೆ.

ಅಕ್ಕು ಕಂಡಿಕೆ ತಿರುಗಿಸುತ್ತಿದ್ದಳು.

"ಅಕ್ಕೂ!"

ತಿರುಗಿಸುತ್ತಲೇ ಇದ್ದಳು. ಮಗ್ಗ ನಿಲ್ಲಿಸಿ ಬಂದಿದ್ದ ಅವರಪ್ಪ ನನ್ನ ಪಕ್ಕಕ್ಕೆ ಬಂದು ತಾವೂ ಕರೆದರು. ಆಮೇಲೆ ಗಾಳಿಯಲ್ಲಿ ಜೋರಾಗಿ ಒಂದು ಚಪ್ಪಾಳೆ ಹೊಡೆದರು. ಅತ್ತೆ ಬೆಚ್ಚಿಬಿದ್ದರು. ತೊಡೆ ಅಲುಗಿದ್ದಕ್ಕೆ ಅಕ್ಕು ತಲೆ ಎತ್ತಿ ಅಜ್ಜಿಯ ಮುಖ ನೋಡಿ ನಕ್ಕಳು. ಚಪ್ಪಾಳೆ ಬಂದ ಕಡೆಗೆ ನೋಡಲೇ ಇಲ್ಲ.

ಅತ್ತೆ ಅಕ್ಕುವನ್ನು ಎದೆಗೆ ಅವಚಿಕೊಂಡು ಬೋರವ್ವನ ಕಡೆ ತಿರುಗಿದರು. ಈ ಸಲ ದನಿಯಲ್ಲಿ ಜೋರು ಇರಲಿಲ್ಲ. "ಬೋರಿ, ಇದನ್ನ ಯಾರ ಮುಂದೂ ಹೇಳಬ್ಯಾಡ. ಕಿವುಡಿ ಅಂತ ಬರಕೊಂಡು ಕೂಸಿನ್ನ ಎಲ್ಲಿಗೋ ಹಾಸ್ಟೆಲಿಗೆ ಒಯ್ತಾರ. ಹೆಣ್ಣುಹುಡುಗಿ ಐತಿ, ನಾಳೆ ಯಾರು ಮಾಡ್ಕೋತಾರ?"

"ಯಾರೂ ಒಯ್ಯಂಗಿಲ್ಲ. ನೀವು ಹೂಂ ಅನ್ನಲಾರದ ಯಾರೂ ಮುಟ್ಟಂಗಿಲ್ಲ. ಮನಿ ಹತ್ತಿರದ ಸಾಲಿ ಬೇಕೋ, ಇಂಥ ಮಕ್ಕಳಿಗಾಗೇ ಇರೋ ಸಾಲಿ ಬೇಕೋ, ಆರಿಸೋ ಹಕ್ಕು ನಿಮ್ಮದು. ಹಂಗಂತ ಕಾಯ್ದೇನ ಐತಿ. ಮಾತು ಬರಂಗಿಲ್ಲ ಅಂತ ಸಾಲಿಯಿಂದ ಹೊರಗ ಹಾಕೂ ಹಂಗೂ ಇಲ್ಲ. ಮದಿವಿ ಚಿಂತಿ ಈಗಿಂದ ಯಾಕ ಚಿಗವ್ವ, ಕೂಸಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ!"

ಅವರಪ್ಪ ಕೇಳಿದರು, "ಹಂಗಾರ ಈಗ ಏನ್ ಮಾಡೂದಕ್ಕ?"

"ಚೀಟಿ ತಗೊಂಡು ಹೋಗೂದು. ಸರ್ಕಾರದ್ದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಐತಿ. ಹುಟ್ಟಿದ ಕೂಸಿನಿಂದ ಹದಿನೆಂಟು ವರ್ಷದ ತನಕ ನೋಡ್ತಾರ. ಅಂಗನವಾಡಿಗೆ ವರ್ಷಕ್ಕ ಎರಡು ಸಲ, ಸರ್ಕಾರಿ ಸಾಲಿಗೆ ಒಂದು ಸಲ ಡಾಕ್ಟರ್ ತಂಡ ಬರಬೇಕಂತ ನಿಯಮ ಐತಿ. ಕಣ್ಣು, ಕಿವಿ, ಹೃದಯ, ಸೀಳಿದ ತುಟಿ, ಸೊಟ್ಟ ಪಾದ, ಬೆಳವಣಿಗಿ ಎಲ್ಲಾ ನೋಡ್ತಾರ. ತೊಂದ್ರಿ ಕಂಡ್ರ ದೊಡ್ಡ ದವಾಖಾನಿಗೆ ಬರದು ಕೊಡ್ತಾರ. ಅಲ್ಲಿ ತಪಾಸಣಿ, ಚಿಕಿತ್ಸಾ ಪುಕ್ಕಟ. ಅಂಥಾ ಚೀಟಿ ಮ್ಯಾಲೆ ನಿನ್ನ ಹೆಂಡ್ತಿ ಹಿಟ್ಟಿನ ಡಬ್ಬಿ ಇಟ್ಟಾಳ."

ನಾನು ತಲೆ ತಗ್ಗಿಸಿದೆ. ಡಬ್ಬಿ ಎತ್ತಿದ್ದು ನಮ್ಮ ಅತ್ತೆ.

ಮೊದಲು ಜಮಖಂಡಿಯ ಸರ್ಕಾರಿ ದವಾಖಾನೆಗೆ ಹೋದೆವು. ಅಲ್ಲಿಂದ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟರು. ಬೋರವ್ವ ಜೊತೆಗೆ ಬಂದಳು. ಸದ್ದು ಒಳಗೆ ಬಾರದ ಒಂದು ಸಣ್ಣ ಕೋಣೆಯಲ್ಲಿ ಅಕ್ಕುಗೆ ಆಟ ಆಡಿಸುತ್ತಲೇ ಪರೀಕ್ಷೆ ಮಾಡಿದರು. ನೋವಿಲ್ಲ, ಸೂಜಿಯಿಲ್ಲ. ಆಮೇಲೆ ಅಲ್ಲಿನ ಮೇಡಂ ನನ್ನನ್ನು ಕೇಳಿದರು, "ಇವಳಿಗೆ ಯಾವ ಯಾವ ಮಾತು ಬರ್ತಾವ?"

"ಅವ್ವ, ಅಪ್ಪ, ಬಾ, ಬ್ಯಾಡ."

"ಕಾಕಾ ಅಂತಾಳೇನು? ನೀರು? ತನ್ನ ಹೆಸರು?"

"ಇಲ್ರೀ."

ಮೇಡಂ ತಮ್ಮ ತುಟಿ ತೋರಿಸಿದರು. "ಅವ್ವ, ಅಪ್ಪ, ಬಾ, ಬ್ಯಾಡ. ನಾಲ್ಕೂ ತುಟಿ ಮ್ಯಾಲೆ ಕಾಣ್ತಾವ ನೋಡ್ರಿ. ಕಾಕಾ, ನೀರು ಬಾಯಿ ಒಳಗ ಹುಟ್ತಾವ, ಕಣ್ಣಿಗೆ ಕಾಣಂಗಿಲ್ಲ. ನಿಮ್ಮ ಮಗಳು ಇಲ್ಲಿತನಕ ಮಾತು ಕೇಳಿ ಕಲಿತಿಲ್ಲ, ನೋಡಿ ಕಲಿತಾಳ. ಇಂಥಾಕಿಗೆ ದಡ್ಡಿ ಅಂದವರು ಯಾರು?"

ನಾನು ಅಲ್ಲೇ ಸೆರಗು ಬಾಯಿಗೆ ಒತ್ತಿಕೊಂಡೆ. "ತಡಾ ಮಾಡಿದ್ವಿ ಏನ್ರೀ ಮೇಡಂ?"

ಅವರು ಮುಚ್ಚುಮರೆ ಮಾಡಲಿಲ್ಲ. "ತಡಾ ಆಗೇತಿ. ಹುಟ್ಟಿದ ವರ್ಷದೊಳಗ ತಂದಿದ್ರ ಭಾಳ ಛಲೋ ಇತ್ತು. ಆದ್ರ ಇವಳಿಗೆ ಸ್ವಲ್ಪ ಕೇಳಿಸ್ತೈತಿ, ಕಿವಿಗೆ ಕೇಳೂ ಮಷೀನು ಹಾಕಿದ್ರ ಮಾತು ಕಲೀತಾಳ. ಏನೂ ಕೇಳಿಸದ ಮಕ್ಕಳಿಗೆ ಆಪರೇಷನ್ ಬೇಕಾಗ್ತೈತಿ. ಅದಕ್ಕೂ ಸರ್ಕಾರದ ಯೋಜನೆ ಐತಿ. ಆದ್ರ ಅದನ್ನ ಸಣ್ಣ ವಯಸ್ಸಿನಾಗ ಮಾಡಿಸಬೇಕು."

ಅವತ್ತೇ ಮಷೀನಿಗೆ ಅಕ್ಕುವಿನ ಕಿವಿಯ ಅಳತೆ ಕೊಟ್ಟು ಬಂದೆವು.

ಮೂರನೇ ಸಲ ಹೋದಾಗ ಎರಡೂ ಕಿವಿಗೆ ಮಷೀನು ಹಾಕಿ ಕಳಿಸಿದರು. ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿದ. ಅಕ್ಕು ಹೌಹಾರಿ ನನ್ನ ಕೊರಳಿಗೆ ಬಿದ್ದಳು. ಎರಡನೇ ಸಲ ಊದಿದಾಗ ಎಲ್ಲಿಂದ ಬಂತು ಅಂತ ಹುಡುಕಿದಳು. ಮೂರನೇ ಸಲ ಕಂಡಕ್ಟರನ ಬಾಯಿ ಸಿಕ್ಕಿತು. ಆಮೇಲೆ ಅವನು ಎಲ್ಲಿ ಹೋದರೂ ಅವನನ್ನೇ ನೋಡಿ "ಬಾ, ಬಾ" ಅಂತ ಕೈ ಮಾಡತೊಡಗಿದಳು.

"ಏನಾಗಬೇಕವಾ ನಿನಗ?" ಅಂದ ಅವನು. ನಾನು ಸಂಗತಿ ಹೇಳಿದೆ. ಅವನು ಅವಳಿಗಾಗಿ ಮೆಲ್ಲಗೆ ಒಂದು ಸೀಟಿ ಊದಿದ. ಡ್ರೈವರ್ ಗಕ್ಕನೆ ಬಸ್ ನಿಲ್ಲಿಸಿದ. "ಯಾರ್ ಇಳಿಯಾವ್ರು?" ಯಾರೂ ಇಳಿಯಲಿಲ್ಲ. ಇಡೀ ಬಸ್ಸು ನಕ್ಕಿತು.

ಮಷೀನು ಹಾಕಿದ ಕೂಡಲೇ ಮಾತು ಬರುವುದಿಲ್ಲ. ಪ್ರತಿ ಸದ್ದೂ ಏನೆಂದು ಕಲಿಸಬೇಕು. ಮಾತಿನ ತರಬೇತಿಗೆ ಹೋಗಿ ಬರಬೇಕು, ಮನೆಯಲ್ಲೂ ಮಾಡಿಸಬೇಕು. ಮಗ್ಗದ ಸದ್ದಿನಲ್ಲಿ ಅದು ಆಗದ ಮಾತು. ಅವರಪ್ಪ ದಿನಾ ಸಂಜೆ ಒಂದು ತಾಸು ಮಗ್ಗ ನಿಲ್ಲಿಸತೊಡಗಿದರು. ಅಕ್ಕು ಆಡುವ ಜಾಗವನ್ನು ಮಗ್ಗದ ಕೋಣೆಯಿಂದ ಹಿಂದಿನ ಕೋಣೆಗೆ ತಂದೆವು. ಆ ಒಂದು ತಾಸು ನಮ್ಮ ಅತ್ತೆಯದು. "ಇದು ಸೌಟು. ಏನಿದು? ಸೌಟು. ಇದು ಮೆಣಸಿನಕಾಯಿ. ತಿನಬ್ಯಾಡ, ಬರೇ ಹೇಳು!" ಓಣಿಯವರು ಶಿವಗಂಗವ್ವ ಸಾಲಿ ತೆಗೆದಳು ಅಂತ ಚಾಷ್ಟಿ ಮಾಡಿದರು. "ಹೌದು, ನಿಮಗೂ ಸೀಟು ಖಾಲಿ ಅದಾವ, ಬರ್ರಿ," ಅಂದರು ಅತ್ತೆ.

ಜೂನ್‌ನಲ್ಲಿ ಅಕ್ಕುವನ್ನು ನಮ್ಮ ಓಣಿಯ ಸರ್ಕಾರಿ ಶಾಲೆಗೆ ಹಚ್ಚಿದೆವು. ಗುರುಗಳು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡರು. ಅವಳ ಕಡೆ ಮುಖ ಮಾಡಿಯೇ ಪಾಠ ಹೇಳುತ್ತಾರೆ. ಮೊದಲ ದಿನ ಒಬ್ಬ ಹುಡುಗ ಮಷೀನು ನೋಡಿ, "ಇದರಾಗ ಹಾಡು ಬರ್ತಾವೇನು?" ಅಂತ ಕೇಳಿದನಂತೆ. ಈಗ ಇಬ್ಬರೂ ಒಂದೇ ಬೆಂಚು.

ಮೊನ್ನೆ ರವಿವಾರ ಅಕ್ಕು ಹಿಂದಿನ ಕೋಣೆಯಲ್ಲಿ ನನಗೆ ಬೆನ್ನು ಮಾಡಿ ಕೂತು ಚಿತ್ರ ಬರೆಯುತ್ತಿದ್ದಳು. ಅಡುಗೆಮನೆಯಿಂದಲೇ ಕರೆದೆ. "ಅಕ್ಕೂ, ಊಟಕ್ಕ ಬಾ."

ಹೊಳ್ಳಿ ನೋಡಲಿಲ್ಲ. "ಒಲ್ಲೆ!" ಅಂದಳು.

ಸ್ಪಷ್ಟವಾಗಿ, ಗಟ್ಟಿಯಾಗಿ. ನಾನು ಸೌಟು ಹಿಡಿದುಕೊಂಡು ನಿಂತೇ ಇದ್ದೆ. ಮತ್ತೊಮ್ಮೆ ಕೇಳುವ ಆಸೆಗೆ ಮತ್ತೆ ಕರೆದೆ. ಮತ್ತೆ ಒಲ್ಲೆ ಅಂದಳು. ಅವತ್ತು ಅವಳು ಊಟಕ್ಕೆ ಬಂದದ್ದು ಬಹಳ ತಡವಾಗಿ. ನಾನು ಬೈಯಲಿಲ್ಲ.

ಮಗ್ಗದ ಮನೆಯ ಅವ್ವಂದಿರೇ, ಅಪ್ಪಂದಿರೇ, ನಮ್ಮ ಮಹಿಳಾ ಸಂಘದ ಅಕ್ಕತಂಗಿಯರೇ, ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಹಸುಗೂಸು ದೊಡ್ಡ ಸದ್ದಿಗೆ ಬೆಚ್ಚುತ್ತದೆಯೇ? ವರ್ಷದ ಮಗು ಹೆಸರು ಕರೆದರೆ ತಿರುಗುತ್ತದೆಯೇ? ಎರಡು ವರ್ಷಕ್ಕೆ ಎರಡು ಮಾತು ಕೂಡಿಸಿ ಆಡುತ್ತದೆಯೇ? ಇಲ್ಲವೆಂದರೆ ಮುಂದೆ ತಾನೇ ಬರುತ್ತದೆ ಅಂತ ಕಾಯಬೇಡಿ. ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿ. ಡಾಕ್ಟರ್ ತಂಡ ಬಂದ ದಿನ ಮಗುವನ್ನು ತಪ್ಪದೆ ಕಳಿಸಿ. ಅವರು ಕೊಟ್ಟ ಚೀಟಿ ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ಹುಡುಕಿ ತೆಗೆಯಿರಿ. ಅದು ನಿಮ್ಮ ಮಗುವಿನ ಹಕ್ಕು, ಯಾರೂ ಮಾಡುವ ಉಪಕಾರ ಅಲ್ಲ.

ಇದನ್ನು ಓದಿ ಮುಗಿಸಿದ ಕೂಡಲೇ ಒಂದು ಕೆಲಸ ಮಾಡಿ. ಮಗ್ಗದ ಸ್ವಿಚ್ ಆರಿಸಿ. ಮಗುವನ್ನು ಯಾರದಾದರೂ ತೊಡೆಯ ಮೇಲೆ ಕೂರಿಸಿ, ಹಿಂದೆ ನಿಂತು, ಮುಟ್ಟದೆ, ಹೆಸರು ಹಿಡಿದು ಕರೆಯಿರಿ.